ಚೆಕ್ಕುಬಂದಿ

ಅರಸೀಕೆರೆ ಸಬ್ ರಿಜಿಸ್ಟ್ರಾರ್ ಕಚೇರಿಯೆದುರು
ಪತ್ರಬರಹಗಾರ ಕಲ್ಲೇಶಪ್ಪನವರ ಅಂಗಡಿಯ ಮೇಲೆ
ನನ್ನ ರಿಪೇರಿ ಕೋಣೆ.
ಅವರು ಓದಿ ಹೇಳುವುದು ಅಟ್ಟದ ಹಲಗೆಗಳ ಸಂದಿನಿಂದ ಏರಿ ಬರುತ್ತದೆ:
ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಗಂಗಮ್ಮನ ಹಿತ್ತಿಲು,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರೈಲ್ವೆಯ ತಂತಿಬೇಲಿ,
ಈ ಮಧ್ಯೆ ಇರುವ ಖಾಲಿ ನಿವೇಶನ.

ನನ್ನ ಮೇಜಿನ ಮೇಲೆ
ಕೊಬ್ಬರಿ ಮಂಡಿಯ ತೂಕದ ಯಂತ್ರಕ್ಕೆ ಹೋಗಬೇಕಾದ
ಅಂಗೈಯಗಲದ ಬೋರ್ಡು.
ಹಳೆಯದನ್ನು ಸಿಡಿಲು ತಿಂದಿತು. ಇದು ಹೊಸದು, ಅಗ್ಗದ್ದು,
ಯಾವ ಕೈಪಿಡಿಯಲ್ಲೂ ಹೆಸರಿಲ್ಲದ್ದು.
ಪುಟ್ಟ ಫ್ಲ್ಯಾಶಿನಿಂದ ಕರ್ನಲ್ ಎದ್ದು ಕೂರುತ್ತದೆ,
ಸುತ್ತ ನೋಡುತ್ತದೆ,
ಲೆಕ್ಕ ಬರೆಯಬೇಕಾದ ಮೆಮೊರಿ ಕಾರ್ಡು ಮಾತ್ರ
ಕಾಣುವುದಿಲ್ಲ ಅದಕ್ಕೆ.

ಕಾರ್ಡು ಇದೆ. ಕಾರ್ಡನ್ನು ಆಡಿಸುವ ಕಂಟ್ರೋಲರ್ ಇದೆ,
ಚಿಪ್ಪಿನೊಳಗೆ, ಕಾರ್ಖಾನೆ ಬಿಟ್ಟ ದಿನದಿಂದ.
ಆದರೆ ಅದು ಬಾಯಿಲ್ಲದ್ದು.
ಪೆನ್‌ಡ್ರೈವ್ ಆದರೆ ಚುಚ್ಚಿದ ಕೂಡಲೇ
ತನ್ನ ಕುಲಗೋತ್ರ ಒದರುತ್ತದೆ.
ಇದು ಕೇಳಿದರೂ ಹೇಳದು.
ಬೇರೆ ಯಾರಾದರೂ ಬರೆದಿಡಬೇಕು
ಡಿವೈಸ್ ಟ್ರೀ ಎಂಬ ಹಾಳೆಯಲ್ಲಿ.

ಬರೆಯುತ್ತೇನೆ.
ವಿಳಾಸ: ಎಫ್, ಇ, ಮೂರು, ಎರಡು, ಆಮೇಲೆ ನಾಲ್ಕು ಸೊನ್ನೆ.
ವಿಸ್ತೀರ್ಣ: ಹದಿನಾರು ಕಿಲೋಬೈಟು.
ಯಾವ ಗಡಿಯಾರದ ಬಡಿತಕ್ಕೆ ನಡೆಯುತ್ತದೆ,
ಯಾವ ರೆಗ್ಯುಲೇಟರಿನ ಮೂರು ಚಿಲ್ಲರೆ ವೋಲ್ಟು ಉಣ್ಣುತ್ತದೆ,
ಕರೆಯಬೇಕೆನಿಸಿದರೆ ಯಾವ ಗಂಟೆ ಬಾರಿಸುತ್ತದೆ,
ಎಷ್ಟು ಎಳೆ ತಂತಿ. ನಾಲ್ಕು.
ಕೊನೆಗೆ ಸ್ಥಿತಿ. ಚಿಪ್ಪಿನವರು 'ಡಿಸೇಬಲ್ಡ್' ಎಂದು ಬರೆದು ಬಿಟ್ಟದ್ದನ್ನು
'ಓಕೆ' ಎಂದು ತಿದ್ದಿದೆ.
ಒಂದು ಅರ್ಧವಿರಾಮ ಮರೆತು ಮುಕ್ಕಾಲು ಗಂಟೆ ಹೋಯಿತು,
ಅದು ಬೇರೆ ಮಾತು.

'ಏನಮ್ಮ ತಸ್ನೀಮ್, ನೀನೂ ಕ್ರಯಪತ್ರ ಬರೀತಿದ್ದೀಯ?'
ಚಹಾದ ಲೋಟ ಹಿಡಿದು ಮೇಲೆ ಬಂದ ಕಲ್ಲೇಶಪ್ಪ
ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.
'ಸರ್ವೆ ನಂಬರು ಐತೆ, ವಿಸ್ತೀರ್ಣ ಐತೆ.
ಚೆಕ್ಕುಬಂದಿ ಎಲ್ಲಿ? ಉತ್ತರಕ್ಕೆ ಏನೈತೆ ಇದಕ್ಕೆ?'
ಉತ್ತರವಿಲ್ಲ ಸಾರ್, ಇಲ್ಲಿ ದಿಕ್ಕುಗಳೇ ಇಲ್ಲ,
ಹಿಂದೊಂದು ನಂಬರು, ಮುಂದೊಂದು ನಂಬರು, ಅಷ್ಟೆ.
'ಹಂಗಾದ್ರೆ ಒತ್ತುವರಿ ಸಲೀಸು' ಅಂದರು.
ನಿಜ. ಹೋದ ತಿಂಗಳು ಒಂದು ಸೊನ್ನೆ ಹೆಚ್ಚಾಗಿ
ಕಂಟ್ರೋಲರೊಂದು ಈಥರ್ನೆಟ್ಟಿನ ಹಿತ್ತಿಲಿಗೆ ಕಾಲಿಟ್ಟಿತ್ತು.

ಎಲ್ಲ ಸರಿಯಿದ್ದೂ ಕಾರ್ಡು ಬರಲಿಲ್ಲ.
ಬೇಸತ್ತು ಕಿತ್ತೆ.
ಆಗ, ಖಾಲಿ ಬಾಯಿಯ ಎದುರು, ಪರದೆಯಲ್ಲಿ ಮೂಡಿತು:
ಕಾರ್ಡು ಬಂದಿದೆ, ಮಾತಾಡಿಸುತ್ತಿದ್ದೇನೆ.
ಮಾತಾಡಿಸಿತು, ಕಾದಿತು, ಸೋತು ಸುಮ್ಮನಾಯಿತು.
ಮತ್ತೆ ಹಾಕಿದರೆ: ಇಲ್ಲ, ಯಾರೂ ಇಲ್ಲ.

ಸಾಕೆಟ್ಟಿನ ಒಳಗಿನ ಕೂದಲೆಳೆಯ ಸ್ವಿಚ್ಚು
ಈ ಬೋರ್ಡಿನಲ್ಲಿ ತಿರುಗುಮುರುಗು.
ಇದ್ದರೆ ಸೊನ್ನೆ ಎಂದು ಬರೆದಿದ್ದೆ ನಾನು, ರೂಢಿಯಂತೆ.
ಇದಕ್ಕೆ ಇದ್ದರೆ ಒಂದು.

ಒಂದು ಪದ ಬದಲಾಯಿಸುವಷ್ಟರಲ್ಲಿ ಕೇಳಿದೆ:
ಆ ಹುಣಸೆಮರ ಎಲ್ಲಿದೆ ಸಾರ್, ನಾನು ನೋಡೇ ಇಲ್ಲ?
'ನಾನೂ ನೋಡಿಲ್ಲ.
ಎಪ್ಪತ್ತೆರಡರಲ್ಲೇ ಕಡಿದರಂತೆ.
ಮೂಲಪತ್ರದಾಗೆ ಐತಲ್ಲ, ಬರೀಲೇಬೇಕು.
ಮರ ಹೋದ್ರೆ ಗಡಿ ಹೋಗ್ತದಾ?'

ಕೆಳಗೆ ಇಲ್ಲದ ಮರದ ನೆರಳಲ್ಲಿ
ಒಬ್ಬರು ಸೈಟು ಕೊಳ್ಳುತ್ತಿದ್ದರು.
ಮೇಲೆ ಇದ್ದೂ ಇಲ್ಲದ ಕಾರ್ಡಿಗೆ
ನಾನು ಸಾಕ್ಷಿ ಹಾಕುತ್ತಿದ್ದೆ.

ಬೋರ್ಡು ಮತ್ತೆ ಎದ್ದಿತು.
ಹಾಳೆ ಓದಿತು, ವಿಳಾಸಕ್ಕೆ ಹೋಯಿತು, ಬಾಗಿಲು ತಟ್ಟಿತು.
ಮೂವತ್ತೆರಡು ಜಿಬಿ, ಎಂದಿತು, ಸ್ವಲ್ಪ ತಡೆದು.
ಮಂಡಿಯ ಓಂಕಾರಣ್ಣನಿಗೆ ಫೋನು ಮಾಡುವ ಮೊದಲು
ಸುಮ್ಮನೆ ಒಂದು ಸಾಲು ಬರೆಸಿ ನೋಡಿದೆ:
ಚೀಲ ಇಲ್ಲ. ತೂಕ ಸೊನ್ನೆ.
ಉಳಿಯಿತು.